ವಿರಾಜಪೇಟೆ: ಹಲವು ನುಡಿಗಳ ಒಂದು ಪೇಟೆ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದ ಸಂದರ್ಭದಲ್ಲಿ ಅದರ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಆ ಗೋಡೆಗಳ ನಡುವೆ ಮೊಣಕಾಲೂರಿದ ಜನರು ಎಲ್ಲಿಂದ ಬಂದರು, ಮನೆಯಲ್ಲಿ ಯಾವ ಮಾತನ್ನಾಡಿದರು, ನೆರೆಹೊರೆಯವರೊಡನೆ ಹೇಗೆ ಬಾಳಿದರು ಎಂಬುದನ್ನು ಬರೆದಿಡದೆ ಹೋದರೆ ಆ ಚರಿತ್ರೆ ಅರ್ಧವೇ ಆದೀತು. ಕೊಡಗಿನ ಕಥೋಲಿಕರು ತಮ್ಮ ಹಿರಿಯರ ಹೆಜ್ಜೆಗಳನ್ನು ಹುಡುಕಿಕೊಂಡು ಹೊರಟರೆ, ಹಲವರ ದಾರಿ ವಿರಾಜಪೇಟೆಯನ್ನು ಹಾದೇ ಹೋಗುತ್ತದೆ. ಆದುದರಿಂದ ಈ ಶತಮಾನೋತ್ಸವ ಸಂಚಿಕೆಯಲ್ಲಿ ಆ ಪುಟ್ಟ ಪೇಟೆಯ ಮತ್ತು ಅದರ ಜನರ ಕಥೆಯನ್ನು ಓದುಗ ಬಾಂಧವರ ಮುಂದಿಡಲು ಇಚ್ಛಿಸಿದ್ದೇವೆ.

ವಿರಾಜಪೇಟೆಯು ದಕ್ಷಿಣ ಕೊಡಗಿನಲ್ಲಿ, ಮಲೆತಿರಿಕೆ ಬೆಟ್ಟದ ಬುಡದಲ್ಲಿದೆ. ಮಡಿಕೇರಿಯಿಂದ ಬರುವ ರಸ್ತೆ ಊರನ್ನು ಹಾದು, ಪೆರುಂಬಾಡಿಯ ಬಳಿ ಘಟ್ಟವನ್ನಿಳಿದು, ಮಾಕುಟ್ಟದ ಕಾಡಿನ ಮೂಲಕ ಇರಿಟ್ಟಿಗೂ ಅಲ್ಲಿಂದ ಕಣ್ಣೂರು, ತಲಶ್ಶೇರಿಗಳಿಗೂ ಹೋಗುತ್ತದೆ. 2011ರ ಜನಗಣತಿಯಲ್ಲಿ ಈ ಪೇಟೆಯ ಜನಸಂಖ್ಯೆ ಸುಮಾರು 17,000. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರು. ಆದರೂ ಇಲ್ಲಿನ ಬೀದಿಯಲ್ಲಿ ಒಂದು ಮುಂಜಾನೆ ನಡೆದು ಹೋಗುವವರ ಕಿವಿಗೆ ಕೊಡವ ತಕ್ಕ್, ಕನ್ನಡ, ಮಲಯಾಳ, ತಮಿಳು, ಕೊಂಕಣಿ, ತುಳು, ಅರೆಭಾಷೆ, ಉರ್ದು ಈ ಎಲ್ಲವೂ ಬೀಳುವುದುಂಟು. ಇಷ್ಟೊಂದು ನುಡಿಗಳು ಇಷ್ಟು ಚಿಕ್ಕ ಊರಿನಲ್ಲಿ ಹೇಗೆ ಒಟ್ಟುಗೂಡಿದವು?

ಸೆರೆಯಿಂದ ಬಂದವರು

ಈ ಪ್ರಶ್ನೆಗೆ ಉತ್ತರವನ್ನು ಹದಿನೆಂಟನೆಯ ಶತಮಾನದ ಕೊನೆಯ ಯುದ್ಧಗಳಲ್ಲಿ ಹುಡುಕಬೇಕು. ಮೈಸೂರಿನ ಹೈದರಾಲಿ ಮತ್ತು ಟೀಪು ಸುಲ್ತಾನರಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ನಡೆದ ಹೋರಾಟದಲ್ಲಿ ಕರಾವಳಿಯ ಜನರೂ ಮಲೆನಾಡಿನ ಜನರೂ ಸಮನಾಗಿ ಬೆಂದರು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ದಿನ, ಕೆನರಾ ಪ್ರಾಂತ್ಯದ ಕಥೋಲಿಕರು ಟೀಪುವಿನ ಆಜ್ಞೆಯಂತೆ ಸೆರೆಯಾದರೆಂಬುದು ನಮ್ಮ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಸಂಗತಿ. ಅವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಸಂಖ್ಯೆಯನ್ನು ಕೆಲವರು ಮೂವತ್ತು ಸಾವಿರವೆಂದೂ ಕೆಲವರು ಅದರ ಎರಡು ಪಟ್ಟಿಗೂ ಹೆಚ್ಚೆಂದೂ ಅಂದಾಜು ಮಾಡಿದ್ದಾರೆ. ಸಂಖ್ಯೆ ಯಾವುದೇ ಇರಲಿ, ದಾರಿಯಲ್ಲಿ ಮಡಿದವರೂ ಸೆರೆಯಲ್ಲಿ ಮಡಿದವರೂ ಬಹುಮಂದಿ.

ಅದರ ಮರುವರ್ಷ, 1785ರಲ್ಲಿ, ಕೊಡವರಿಗೂ ಇದೇ ಗತಿ ಒದಗಿತು. ಕೊಡಗಿನ ಅರಸುಮನೆತನವಾದ ಹಾಲೇರಿ ವಂಶದವರೂ ಸೆರೆಯಿಂದ ಪಾರಾಗಲಿಲ್ಲ. ದೊಡ್ಡ ವೀರರಾಜೇಂದ್ರನು ಪಿರಿಯಾಪಟ್ಟಣದ ಕೋಟೆಯಲ್ಲಿ ಬಂಧಿತನಾಗಿದ್ದು 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಕೊಡಗನ್ನು ಸೇರಿದನು. ಕೊಡವರನ್ನು ಕೂಡಿಸಿಕೊಂಡು ನಾಡನ್ನು ಮರಳಿ ಪಡೆಯಲು ಹೋರಾಡಿದನು. 1790ರಲ್ಲಿ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡನು. 1791ರಲ್ಲಿ ಬೊಂಬಾಯಿಯ ಗವರ್ನರನಾಗಿದ್ದ ಜನರಲ್ ರಾಬರ್ಟ್ ಅಬರ್‌ಕ್ರೋಂಬಿಯು ಮಲಬಾರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣದ ಕಡೆಗೆ ಸೈನ್ಯವನ್ನು ನಡೆಸಿದಾಗ, ಅರಸನು ಅವನಿಗೆ ದಾರಿಯನ್ನೂ ದವಸವನ್ನೂ ಒದಗಿಸಿದನು. ಆ ಭೇಟಿಯ ನೆನಪಿಗಾಗಿ 1792ರಲ್ಲಿ ಕಟ್ಟಿಸಿದ ಹೊಸ ಪೇಟೆಯೇ ವೀರರಾಜೇಂದ್ರಪೇಟೆ. ಜನರ ಬಾಯಲ್ಲಿ ಅದು ಕ್ರಮೇಣ ವಿರಾಜಪೇಟೆಯಾಯಿತು.

ಯುದ್ಧದ ಗೊಂದಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಮಾತಿನ ಕಥೋಲಿಕ ಕುಟುಂಬಗಳಿಗೆ ಅರಸನು ಈ ಹೊಸ ಪೇಟೆಯಲ್ಲಿ ನೆಲೆ ಕೊಟ್ಟನು. ಅವರ ದೇವಾಲಯಕ್ಕೆ ಭೂಮಿಯನ್ನೂ ಇತ್ತನು. ಹೀಗೆ ಪೇಟೆಯ ಹುಟ್ಟಿನೊಡನೆಯೇ ಸಂತ ಅನ್ನಮ್ಮನವರ ದೇವಾಲಯವೂ ಹುಟ್ಟಿತು. ಇಂದು ನಾವು ಕಾಣುವ ಗಾಥಿಕ್ ಶೈಲಿಯ ಕಟ್ಟಡ 1868ರದು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಆಶ್ರಯ ಬೇಡಿದವರು ಕ್ರೈಸ್ತರು. ಆಶ್ರಯ ಕೊಟ್ಟವನು ವೀರಶೈವ ಅರಸ. ಅವರ ನುಡಿ ಅವನಿಗೆ ಬಾರದು, ಅವರ ಪೂಜೆ ಅವನಿಗೆ ಪರಿಚಿತವಲ್ಲ. ಆದರೆ ಸೆರೆಯೆಂದರೇನೆಂಬುದನ್ನು ಇಬ್ಬರೂ ಅರಿತಿದ್ದರು. ದೊಡ್ಡ ವೀರರಾಜೇಂದ್ರನ ಬಾಳಿನ ಕಡೆಯ ವರ್ಷಗಳು ಸಂಶಯ, ಕ್ರೌರ್ಯಗಳಿಂದ ಕಲುಷಿತವಾದವೆಂಬುದು ನಿಜ; ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೂ 1792ರ ಆ ಒಂದು ಕಾರ್ಯಕ್ಕಾಗಿ ಕೊಡಗಿನ ಕಥೋಲಿಕರು ಅವನಿಗೆ ಋಣಿಗಳು.

ಬೀದಿಗಳು ಹೇಳುವ ಕಥೆ

ಕೊಡವರು ಮೂಲತಃ ಪೇಟೆಯಲ್ಲಿ ವಾಸಿಸಿದವರಲ್ಲ. ಗದ್ದೆಯ ಅಂಚಿನಲ್ಲಿ, ಮರಗಳ ನೆರಳಿನಲ್ಲಿ, ಒಂದೊಂದು ಒಕ್ಕದ ಐನ್‌ಮನೆ. ಆ ಮನೆಗೂ ನೆರೆಮನೆಗೂ ನಡುವೆ ಗದ್ದೆಯೋ ಕಾಡೋ ಇರುವುದು ಅವರ ಬಾಳಿನ ಕ್ರಮ. ಬೇಸಾಯ ಮತ್ತು ಆಯುಧ ಅವರ ವೃತ್ತಿಯಾಗಿತ್ತು, ವ್ಯಾಪಾರ ಅವರದಾಗಿರಲಿಲ್ಲ. ಆದುದರಿಂದ ಅರಸನು ಪೇಟೆ ಕಟ್ಟಿಸಿದಾಗ ಅಂಗಡಿ ತೆರೆಯಲು, ಬಟ್ಟೆ ನೇಯಲು, ಎಣ್ಣೆ ಆಡಲು, ಉಪ್ಪು ಮೀನು ತರಲು ಹೊರಗಿನವರೇ ಬೇಕಾದರು. ಹಾಗೆ ಬಂದವರ ಗುರುತು ಇಂದಿಗೂ ಊರಿನ ಬೀದಿಗಳ ಹೆಸರಿನಲ್ಲಿ ಉಳಿದಿದೆ. ತೆಲುಗರ ಬೀದಿ, ಜೈನರ ಬೀದಿ, ಮಲಬಾರ್ ರಸ್ತೆ, ಮೀನುಪೇಟೆ, ಸುಣ್ಣದ ಬೀದಿ ಮುಂತಾದ ಹೆಸರುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಬರೆದರೆ ಅದೇ ಊರಿನ ಮೊದಲ ಜನಗಣತಿಯಾಗುತ್ತದೆ. ಸರಕಾರದ ಗಣತಿದಾರರು ಬರುವುದಕ್ಕೆ ಎಷ್ಟೋ ಮೊದಲು ಜನರೇ ಮಾಡಿಟ್ಟ ಲೆಕ್ಕ ಅದು.

ಘಟ್ಟದ ಕೆಳಗಿನಿಂದ ಮಾಪಿಳ್ಳೆ ವರ್ತಕರು ಉಪ್ಪು, ಒಣಮೀನು, ತೆಂಗಿನೆಣ್ಣೆಗಳನ್ನು ತಂದು ಅಕ್ಕಿ, ಏಲಕ್ಕಿ, ಕರಿಮೆಣಸುಗಳನ್ನು ಒಯ್ದರು. ಕೊಡಗಿಗೆ ಕಾಫಿ ಗಿಡವನ್ನು ಮೊದಲು ತಂದವರೂ ನಾಲ್ಕುನಾಡಿನ ಆಸುಪಾಸಿನ ಮಾಪಿಳ್ಳೆಗಳೇ ಎಂಬ ಹೇಳಿಕೆ ಹಳೆಯ ಗ್ರಂಥಗಳಲ್ಲಿದೆ. ಟೀಪುವಿನ ಸೆರೆಯಿಂದ ಬಂದ ಅರಸನ ಪೇಟೆಯಲ್ಲಿ, ಅದೇ ಸೆರೆಯಿಂದ ಬಂದ ಕ್ರೈಸ್ತರ ನೆರೆಯಲ್ಲಿ, ಮುಸಲ್ಮಾನ ವರ್ತಕನು ಅಂಗಡಿಯಿಟ್ಟು ಬಾಳಿದನು. ಯುದ್ಧದ ಕಹಿಯನ್ನು ನೆರೆಯವನ ತಲೆಗೆ ಕಟ್ಟಬಾರದೆಂಬ ಈ ವಿವೇಕ ಇಂದಿನ ನಮಗೆ ಪಾಠವಾಗಬೇಕು.

ಇಷ್ಟು ಬಗೆಯ ಜನರಿಗೆ ವ್ಯವಹಾರದ ಭಾಷೆ ಯಾವುದು? ಅದು ಕನ್ನಡವಾಯಿತು. ಹಾಲೇರಿ ಅರಸರ ಆಡಳಿತ ಕನ್ನಡದಲ್ಲಿತ್ತು. ದೊಡ್ಡ ವೀರರಾಜೇಂದ್ರನು ಬರೆಸಿದ ವಂಶಚರಿತ್ರೆಯಾದ 'ರಾಜೇಂದ್ರನಾಮೆ'ಯೂ ಕನ್ನಡದ್ದೇ. 1834ರಲ್ಲಿ ಚಿಕ್ಕ ವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿಯ ವಶವಾದ ಮೇಲೆಯೂ ಕನ್ನಡವು ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಉಳಿಯಿತು. ಲಿಪಿಯ ವಿಷಯದಲ್ಲಂತೂ ಕನ್ನಡವು ಎಲ್ಲರಿಗೂ ಒಂದು ಮಾಡಿನಂತೆ ಆಶ್ರಯ ಕೊಟ್ಟಿತು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿ, ಗಾದೆಗಳನ್ನು 'ಪಟ್ಟೋಲೆ ಪಳಮೆ'ಯಲ್ಲಿ ಸಂಗ್ರಹಿಸಿದಾಗ ಬಳಸಿದ್ದು ಕನ್ನಡ ಲಿಪಿ. ಹರದಾಸ ಅಪ್ಪಚ್ಚ ಕವಿಗಳ ಕೊಡವ ನಾಟಕಗಳು ಓದಲು ದೊರೆಯುವುದೂ ಅದೇ ಲಿಪಿಯಲ್ಲಿ. ಮಂಗಳೂರಿನಿಂದ 1912ರಲ್ಲಿ ಹೊರಟ 'ಕೊಂಕಣಿ ದಿರ್ವೆಂ', 1938ರಲ್ಲಿ ಹೊರಟ 'ರಾಕ್ಣೊ' ಪತ್ರಿಕೆಗಳ ಕೊಂಕಣಿಯೂ ಕನ್ನಡ ಅಕ್ಷರಗಳಲ್ಲೇ ಅಚ್ಚಾಯಿತು. ತುಳು, ಅರೆಭಾಷೆಗಳ ಮಾತೂ ಅಷ್ಟೇ. ಮಾತು ಬೇರೆಯಾದರೂ ಅಕ್ಷರ ಒಂದೇ ಆದುದು ಈ ಊರಿನ ಭಾಗ್ಯವೆನ್ನಬೇಕು.

ಕಾಫಿ ಕರೆತಂದ ಜನ

1854ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಆರಂಭವಾಯಿತು. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ಕಾಡು ಕಡಿದು ತೋಟ ಮಾಡುವ ಕೆಲಸ ಕೊಡಗಿನಾದ್ಯಂತ ಹಬ್ಬಿತು. ಅದಕ್ಕೆ ಆಳುಗಳು ಬೇಕಾದರು. ಮೇಸ್ತ್ರಿಗಳು ಮುಂಗಡ ಹಣ ಹಿಡಿದು ಮೈಸೂರು ಸೀಮೆಗೂ ಮಲಬಾರಿಗೂ ತಮಿಳು ನಾಡಿಗೂ ಹೋಗಿ ಜನರನ್ನು ಕರೆತಂದರು. ಲೈನ್‌ಮನೆಗಳ ಸಾಲಿನಲ್ಲಿ ಹೊಸ ನುಡಿಗಳು ಸೇರಿದವು. ಕೊಡಗಿನ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು ತಲಶ್ಶೇರಿಗೆ ಹೋಗಿ, ಅಲ್ಲಿ ಹದಗೊಂಡು ಹಡಗು ಹತ್ತುತ್ತಿತ್ತು. ಮಲಬಾರಿನ ದಾರಿಯಲ್ಲಿದ್ದ ವಿರಾಜಪೇಟೆಯು ಈ ವ್ಯಾಪಾರದಿಂದ ಬೆಳೆಯಿತು.

ಕಾಫಿಯ ಏರಿಳಿತದೊಡನೆ ಜನಸಂಖ್ಯೆಯೂ ಏರಿಳಿಯಿತು. ಕಾಂಡಕೊರಕ ಹುಳುವೂ ಎಲೆಯ ತುಕ್ಕುರೋಗವೂ ತೋಟಗಳನ್ನು ಹಾಳುಮಾಡಿದುವು. 1881ರಲ್ಲಿ ಇಡೀ ಕೊಡಗಿನ ಜನಸಂಖ್ಯೆ 1,78,302 ಇದ್ದುದು 1891ರಲ್ಲಿ 1,73,055ಕ್ಕೆ ಇಳಿಯಿತು. 1901ರಲ್ಲಿ ಮತ್ತೆ 1,80,607ಕ್ಕೆ ಏರಿತು. ಈ ಅಂಕಿಗಳನ್ನು ಓದುವಾಗ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಆ ಗಣತಿಗಳು ನಡೆದುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಕಾಫಿ ಕುಯ್ಲಿನ ಕಾಲದ ಅಂಚಿನಲ್ಲಿ. ಆಗ ತೋಟದಲ್ಲಿದ್ದ ಆಳು ಕೊಡಗಿನವನೆಂದು ಎಣಿಕೆಯಾಗುತ್ತಿದ್ದನು. ಮಳೆಗಾಲಕ್ಕೆ ಊರಿಗೆ ಮರಳಿದರೆ ಇಲ್ಲವಾಗುತ್ತಿದ್ದನು. ಹೀಗೆ ಬಂದು ಹೋಗುತ್ತಿದ್ದವರಲ್ಲಿ ಕೆಲವರು ಉಳಿದರು. ಉಳಿದವರ ಮೊಮ್ಮಕ್ಕಳು ಇಂದು ಈ ಮಣ್ಣಿನವರೇ.

ಕ್ರೈಸ್ತ ಸಮುದಾಯದಲ್ಲೂ ಇದರ ಪರಿಣಾಮವಾಯಿತು. ಮೊದಲು ಕೊಂಕಣಿಗರೇ ಹೆಚ್ಚಾಗಿದ್ದ ಸಭೆಗೆ ತೋಟಗಳಿಂದ ತಮಿಳರು ಸೇರಿದರು. ಇಪ್ಪತ್ತನೆಯ ಶತಮಾನದಲ್ಲಿ ತಿರುವಾಂಕೂರಿನಿಂದ ಮಲಬಾರಿಗೆ ವಲಸೆ ಬಂದ ಸಿರಿಯನ್ ಕ್ರೈಸ್ತರಲ್ಲಿ ಕೆಲವರು ಘಟ್ಟ ಹತ್ತಿ ಕೊಡಗಿನಲ್ಲಿ ನೆಲೆಸಿದರು. ಕೊಡಗಿನ ಲತೀನ್ ಪದ್ಧತಿಯ ಧರ್ಮಕೇಂದ್ರಗಳು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. 1999ರಲ್ಲಿ ಸ್ಥಾಪಿತವಾದ ಬೆಳ್ತಂಗಡಿ ಸಿರೋ-ಮಲಬಾರ್ ಧರ್ಮಪ್ರಾಂತ್ಯದ ವ್ಯಾಪ್ತಿಗೆ ದಕ್ಷಿಣ ಕನ್ನಡ, ಉಡುಪಿಗಳೊಡನೆ ಕೊಡಗೂ ಒಳಪಟ್ಟಿತು. ಒಂದೇ ವಿಶ್ವಾಸ, ಎರಡು ಪೂಜಾಪದ್ಧತಿ, ನಾಲ್ಕಾರು ಮಾತೃಭಾಷೆ: ಇದು ಕೊಡಗಿನ ಕಥೋಲಿಕರ ಸ್ಥಿತಿ.

ಹೊರಗಿನಿಂದ ಬಂದವರ ಕಥೆಯನ್ನು ಹೇಳುವಾಗ, ಬಾರದೆ ಮೊದಲೇ ಇದ್ದವರನ್ನು ಮರೆತರೆ ಅನ್ಯಾಯವಾಗುತ್ತದೆ. ಎರವರು, ಕುರುಬರು ಮೊದಲಾದ ಕಾಡಿನ ಮಕ್ಕಳು ಈ ನೆಲದಲ್ಲಿ ಪೇಟೆಗಿಂತಲೂ ತೋಟಕ್ಕಿಂತಲೂ ಹಳಬರು. ಗದ್ದೆಯಲ್ಲಿ, ತೋಟದಲ್ಲಿ ದುಡಿದ ಕೈಗಳಲ್ಲಿ ಅವರ ಕೈಗಳು ಎಷ್ಟೋ. 1976ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ಬಂದಿತು. ಆದರೂ ಊರಿನ ಏಳಿಗೆಯಲ್ಲಿ ಅವರಿಗೆ ಸಂದ ಪಾಲು ಎಲ್ಲರಿಗಿಂತ ಕಡಿಮೆ. ಅವರ ನುಡಿಗೆ ಬೀದಿಯ ಹೆಸರಿನಲ್ಲಿಯೂ ಜಾಗ ದೊರೆಯಲಿಲ್ಲ.

ಎಣಿಕೆಗೆ ಸಿಗದ ಸಂಪತ್ತು

ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಕಲಮಿನಲ್ಲಿ ಒಂದೇ ಹೆಸರನ್ನು ಬರೆದುಕೊಳ್ಳುತ್ತಾರೆ. ಅದು ಲೆಕ್ಕಕ್ಕೆ ಅಗತ್ಯ. ಆದರೆ ವಿರಾಜಪೇಟೆಯ ಒಬ್ಬ ಅಂಗಡಿಯವರನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಮನೆಯಲ್ಲಿ ಕೊಂಕಣಿಯಲ್ಲಿ ಮಾತನಾಡಿ ಹೊರಟವರು ಅಂಗಡಿಯಲ್ಲಿ ಕೊಡವ ಗಿರಾಕಿಯೊಡನೆ ಕೊಡವ ತಕ್ಕಿನಲ್ಲಿಯೂ, ಮೀನಿನವರೊಡನೆ ಮಲಯಾಳದಲ್ಲಿಯೂ, ತೋಟದ ಆಳಿನೊಡನೆ ತಮಿಳಿನಲ್ಲಿಯೂ, ಕಚೇರಿಯಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಇವುಗಳನ್ನು ಅವರು ಯಾವ ಶಾಲೆಯಲ್ಲೂ ಕಲಿತವರಲ್ಲ. ಅಕ್ಕಿಗೆ ಕನ್ನಡದಲ್ಲಿಯೂ ಕೊಡವದಲ್ಲಿಯೂ ಅಕ್ಕಿಯೆಂದು, ಮಲಯಾಳದಲ್ಲಿಯೂ ತುಳುವಿನಲ್ಲಿಯೂ ಅರಿಯೆಂದು, ತಮಿಳಿನಲ್ಲಿ ಅರಿಸಿಯೆಂದು, ಕೊಂಕಣಿಯಲ್ಲಿ ತಾಂದುಳ್ ಎಂದು ಕರೆಯುವರೆಂಬುದು ಅವರಿಗೆ ವ್ಯಾಪಾರದೊಡನೆ ಬಂದ ವಿದ್ಯೆ. ಗಣತಿಯ ಪುಸ್ತಕದಲ್ಲಿ ಅವರು ಒಂದು ಭಾಷೆಯವರು. ಊರಿನ ಬಾಳಿನಲ್ಲಿ ಐದು ಭಾಷೆಯವರು.

ಆದರೆ ಈ ಸಂಪತ್ತು ಕರಗುತ್ತಿದೆ ಎಂಬುದನ್ನು ನಾವು ವ್ಯಥೆಯಿಂದ ಹೇಳಬೇಕಾಗಿದೆ. ಕೊಡವ ಭಾಷೆಯನ್ನು ಮಾತೃಭಾಷೆಯೆಂದು ಹೇಳಿಕೊಂಡವರು 2001ರ ಗಣತಿಯಲ್ಲಿ ದೇಶದಾದ್ಯಂತ 1,66,187 ಮಂದಿ. 2011ರಲ್ಲಿ 1,13,857 ಮಂದಿ. ಅದೇ ಅವಧಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,48,561ರಿಂದ 5,54,519ಕ್ಕೆ ಏರಿತ್ತು. ಗಣತಿಯಲ್ಲಿ ಮನೆಯವರು ಕೊಡುವ ಉತ್ತರ ಕಾಲಕಾಲಕ್ಕೆ ಬದಲಾಗುವುದುಂಟು. ಆದರೂ ಈ ಇಳಿಕೆಯನ್ನು ಲಘುವಾಗಿ ಕಾಣುವಂತಿಲ್ಲ. ಅಳಿವಿನ ಭೀತಿಯಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಯುನೆಸ್ಕೋ ಸಂಸ್ಥೆಯು ಕೊಡವವನ್ನು ಸೇರಿಸಿದೆ. ಕೊಡವಕ್ಕೆ 1994ರಲ್ಲಿಯೂ ಆ ಬಳಿಕ ಅರೆಭಾಷೆಗೂ ಸರಕಾರವು ಸಾಹಿತ್ಯ ಅಕಾಡೆಮಿಗಳನ್ನು ಸ್ಥಾಪಿಸಿದುದು ಸ್ತುತ್ಯ. ಕೊಂಕಣಿಯು 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಆದರೆ ಅಕಾಡೆಮಿಯಾಗಲಿ ಅನುಸೂಚಿಯಾಗಲಿ ಅಡುಗೆಮನೆಯಲ್ಲಿ ಮಾತನಾಡಲಾರದು. ಅಜ್ಜಿಯು ಕೊಂಕಣಿಯಲ್ಲಿ ಕೇಳಿದ ಪ್ರಶ್ನೆಗೆ ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ಆ ಮನೆಯಲ್ಲಿ ಇನ್ನೂರು ವರ್ಷಗಳ ನುಡಿಯೊಂದು ಅಂದೇ ಕೊನೆಯ ಮೆಟ್ಟಿಲಿಗೆ ಬಂದಂತೆ.

ಸೆರೆಯೂ ವಲಸೆಯೂ ಕಸಿಯಲಾರದ ನುಡಿಯನ್ನು ನಾವು ಅನುಕೂಲಕ್ಕಾಗಿ ಕೈಬಿಡುತ್ತಿದ್ದೇವೆ. ಶ್ರೀರಂಗಪಟ್ಟಣದಿಂದ ಬಂದವರ ಕೈಯಲ್ಲಿ ಹೊನ್ನಿರಲಿಲ್ಲ, ಭೂಮಿಯಿರಲಿಲ್ಲ. ಬಾಯಲ್ಲಿ ಕೊಂಕಣಿಯಿತ್ತು, ಮನದಲ್ಲಿ ವಿಶ್ವಾಸವಿತ್ತು. ಅವೆರಡನ್ನೇ ಬಂಡವಾಳವಾಗಿ ಮಾಡಿಕೊಂಡು ಅವರು ಮತ್ತೆ ಬಾಳು ಕಟ್ಟಿದರು.

ಪ್ರಾರ್ಥನೆಯ ಭಾಷೆ

ಭಾಷೆಯ ಪ್ರಶ್ನೆ ನಮ್ಮ ದೇವಾಲಯಗಳ ಒಳಗೂ ಬಂದಿದೆ. ಬಹುಕಾಲ ಬಲಿಪೂಜೆಯು ಲತೀನ್ ಭಾಷೆಯಲ್ಲಿತ್ತು. ಅದು ಯಾರ ಮನೆಯ ಮಾತೂ ಆಗಿರಲಿಲ್ಲವಾದುದರಿಂದ ಯಾರಿಗೂ ಅಸೂಯೆಯಿರಲಿಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ತನ್ನ ಶಾಸನವನ್ನು ಪ್ರಕಟಿಸಿ ಜನರ ಭಾಷೆಗೆ ಬಾಗಿಲು ತೆರೆಯಿತು. ಕೂಡಲೇ ಪ್ರಶ್ನೆ ಎದ್ದಿತು: ಯಾವ ಜನರ ಭಾಷೆ? ಒಂದೇ ಸಭೆಯಲ್ಲಿ ಕೊಂಕಣಿಗರೂ ತಮಿಳರೂ ಮಲಯಾಳಿಗಳೂ ಕನ್ನಡಿಗರೂ ಕುಳಿತಿರುವಾಗ ಒಬ್ಬರ ತಾಯ್ನುಡಿಯಲ್ಲಿ ಹಾಡಿದ ಹಾಡು ಇನ್ನೊಬ್ಬರಿಗೆ ಪರಕೀಯವಾಗಿ ಕೇಳಿಸಬಹುದು. ಕರ್ನಾಟಕದ ಹಲವು ಧರ್ಮಕೇಂದ್ರಗಳಲ್ಲಿ ಈ ವಿಷಯ ಮನಸ್ತಾಪಕ್ಕೂ ಕಾರಣವಾದುದನ್ನು ಹಿರಿಯರು ಬಲ್ಲರು.

ಈ ಕುರಿತು ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಆದರೆ ವಿರಾಜಪೇಟೆಯ ಚರಿತ್ರೆಯು ಒಂದು ದಾರಿಯನ್ನು ತೋರಿಸುತ್ತದೆಂದು ನಾವು ನಂಬುತ್ತೇವೆ. ಎಲ್ಲರೂ ಕೂಡುವ ಅಂಗಳದಲ್ಲಿ ನಾಡಿನ ನುಡಿಯಾದ ಕನ್ನಡ. ಅವರವರ ಮನೆಯಲ್ಲಿ ಅವರವರ ತಾಯ್ನುಡಿ. ನೆರೆಮನೆಯ ನುಡಿಯಲ್ಲಿ ನಾಲ್ಕು ಮಾತನಾಡುವಷ್ಟು ಪ್ರೀತಿ. ಪೇಟೆಯ ಹಿರಿಯರು ಇದನ್ನು ಯಾವ ನಿರ್ಣಯ ಮಾಡಿಯೂ ತಂದವರಲ್ಲ. ಒಟ್ಟಿಗೆ ಬಾಳಬೇಕೆಂಬ ಅಗತ್ಯದಿಂದ ಅದು ತಾನಾಗಿ ಬಂದಿತು. ಕನ್ನಡವನ್ನು ಒಪ್ಪಿಕೊಂಡವರು ಕೊಂಕಣಿಯನ್ನು ಬಿಡಬೇಕಾಗಿರಲಿಲ್ಲ. ಕೊಂಕಣಿಯನ್ನು ಉಳಿಸಿಕೊಂಡವರು ಕನ್ನಡಕ್ಕೆ ಹೊರಗಿನವರಾಗಲಿಲ್ಲ.

1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಅದೇ ದಿನ ಮಲಬಾರು ಕೇರಳದಲ್ಲಿ ಸೇರಿತು. ಮಾಕುಟ್ಟದ ಕೆಳಗೆ ರಾಜ್ಯದ ಗಡಿ ಬಂದಿತು. ಗಡಿಯ ಎರಡೂ ಬದಿಯಲ್ಲಿ ನೆಂಟರು ಉಳಿದರು. ಈಚಿನ ವರ್ಷಗಳಲ್ಲಿ ಅಸ್ಸಾಮು, ಬಂಗಾಳಗಳಿಂದ ಬಂದ ಕೆಲಸಗಾರರು ಕೊಡಗಿನ ಲೈನ್‌ಮನೆಗಳನ್ನು ಸೇರುತ್ತಿದ್ದಾರೆ. ಇವರನ್ನು ಕಂಡು 'ಹೊರಗಿನವರು' ಎನ್ನುವ ಮಾತು ಕೆಲವೊಮ್ಮೆ ಕೇಳಿಬರುತ್ತದೆ. ನಮ್ಮ ಪೂರ್ವಜರೂ ಒಂದು ದಿನ, ಹರಿದ ಬಟ್ಟೆಯಲ್ಲಿ, ಯಾರಿಗೂ ಅರ್ಥವಾಗದ ಮಾತಿನಲ್ಲಿ ಅನ್ನ ಬೇಡುತ್ತಾ ಇದೇ ನಾಡಿನ ಬಾಗಿಲಿಗೆ ಬಂದವರೆಂಬುದನ್ನು ನೆನೆದರೆ, ಆ ಮಾತು ನಮ್ಮ ನಾಲಗೆಯ ಮೇಲೆ ನಿಲ್ಲಲಾರದು.

ಈ ಶತಮಾನೋತ್ಸವದ ಸಂದರ್ಭದಲ್ಲಿ ಓದುಗ ಬಾಂಧವರಲ್ಲಿ ನಮ್ಮ ಬಿನ್ನಹ ಒಂದೇ. ನಮ್ಮ ದೇವಾಲಯಗಳ ಜ್ಞಾನಸ್ನಾನದ ದಾಖಲೆ ಪುಸ್ತಕಗಳಲ್ಲಿ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳಿವೆ. ಅವರು ಆಡಿದ ಮಾತು ಅಲ್ಲಿ ಇಲ್ಲ. ಅದು ಇರುವುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ. ಅವರು ಎಲ್ಲಿಂದ ಬಂದರು, ಯಾವ ದಾರಿಯಲ್ಲಿ ಬಂದರು, ಯಾವ ಹಾಡಿನಿಂದ ಮಕ್ಕಳನ್ನು ಮಲಗಿಸಿದರು, ಮೊದಲು ನೆರವಾದ ನೆರೆಯವರು ಯಾರು ಎಂಬ ನಾಲ್ಕು ಸಂಗತಿಗಳನ್ನು ಪ್ರತಿಯೊಂದು ಮನೆಯವರೂ ಈ ವರ್ಷವೇ ಕೇಳಿ ಬರೆದಿಟ್ಟುಕೊಳ್ಳಲಿ. ಬರೆಯಲು ಕನ್ನಡದ ಅಕ್ಷರ ಸಾಕು. ಮಾತು ಅವರವರದೇ ಇರಲಿ. ಇನ್ನೊಂದು ನೂರು ವರ್ಷಗಳ ಬಳಿಕ ಇಂತಹುದೇ ಸಂಚಿಕೆಯನ್ನು ಹೊರತರುವವರಿಗೆ ಅದಕ್ಕಿಂತ ದೊಡ್ಡ ಕಾಣಿಕೆಯನ್ನು ನಾವು ಕೊಡಲಾರೆವು.